ನೀರಿನ ಕತ್ತಲೆಗೆ ಕಿವಿಗೊಟ್ಟ ವಿಜ್ಞಾನಿ: ಪಾಲ್ ಲ್ಯಾಂಜೆವಿನ್

ಭೌತಶಾಸ್ತ್ರದ ತರಗತಿಯಲ್ಲಿ ಕುಳಿತವರಿಗೆ ಲ್ಯಾಂಜೆವಿನ್ ಎಂಬ ಹೆಸರು ಅಪರಿಚಿತವಲ್ಲ. ಕಾಂತತ್ವದ ಪಾಠದಲ್ಲಿ ಒಂದು ಸಮೀಕರಣದ ತಲೆಯ ಮೇಲೆ ಆ ಹೆಸರು ಬರುತ್ತದೆ. ಪರೀಕ್ಷೆ ಮುಗಿದ ಮೇಲೆ ಸಮೀಕರಣದೊಡನೆ ಹೆಸರೂ ಮರೆತುಹೋಗುತ್ತದೆ. ಫ್ರೆಂಚರು ಅದನ್ನು ಲಾಂಜ್ವ್ಯಾಂ ಎಂದು ಮೂಗಿನಿಂದ ಉಚ್ಚರಿಸುವರು. ನಮ್ಮ ಪಠ್ಯಪುಸ್ತಕಗಳಲ್ಲಿ ರೂಢಿಗೆ ಬಂದ ರೂಪವನ್ನೇ ಇಲ್ಲಿ ಇಟ್ಟುಕೊಳ್ಳೋಣ.

೨೦೨೪ರ ಮಳೆಗಾಲದಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಗಂಗಾವಳಿಯ ಪಾಲಾದವರನ್ನು ಹುಡುಕುವ ಕೆಲಸ ವಾರಗಟ್ಟಲೆ ನಡೆದಾಗ, ನಮ್ಮ ಜಿಲ್ಲೆಯ ಮನೆಮನೆಯಲ್ಲಿಯೂ ಸೋನಾರ್ ಎಂಬ ಹೊಸ ಶಬ್ದ ಕೇಳಿಬಂದಿತು. ಕಣ್ಣಿಗೆ ಕಾಣದ ನೀರಿನಲ್ಲಿ ಧ್ವನಿಯಿಂದ ಹುಡುಕುವ ಯಂತ್ರವದು. ಅದರ ಮೂಲಪುರುಷರಲ್ಲಿ ಅಗ್ರಗಣ್ಯರು ಇದೇ ಲ್ಯಾಂಜೆವಿನ್ ಎಂಬುದು ಹೆಚ್ಚು ಜನರ ಗಮನಕ್ಕೆ ಬಂದಿರಲಾರದು. ಯಂತ್ರದ ಪರಿಚಯವಾದ ಮೇಲೆ ಅದರ ಹಿಂದಿನ ಮನುಷ್ಯನ ಪರಿಚಯವೂ ಆಗಬೇಕಾದದ್ದು ನ್ಯಾಯ. ಅವರ ಬಾಳು ಒಂದು ಯಂತ್ರದ ಕಥೆಗಿಂತ ಬಹಳ ದೊಡ್ಡದು.

ಪಾಲ್ ಲ್ಯಾಂಜೆವಿನ್ ಅವರು ೧೮೭೨ನೆಯ ಜನವರಿ ೨೩ರಂದು ಪ್ಯಾರಿಸ್ ನಗರದಲ್ಲಿ ಹುಟ್ಟಿದರು. ಮನೆತನ ಸಿರಿವಂತಿಕೆಯದಲ್ಲ, ದುಡಿದು ತಿನ್ನುವವರ ನಡುವೆ, ಮೋಮಾರ್ತ್ರ್ ಎಂಬ ಎತ್ತರದ ಬಡಾವಣೆಯ ಪರಿಸರದಲ್ಲಿ ಅವರ ಬಾಲ್ಯ ಕಳೆಯಿತು. ಬುದ್ಧಿವಂತ ಹುಡುಗನಾದ ಅವರು ೧೮೮೮ರಲ್ಲಿ ನಗರಸಭೆಯ ಭೌತ ಮತ್ತು ರಸಾಯನ ಕೈಗಾರಿಕಾ ಶಾಲೆಯನ್ನು ಸೇರಿದರು. ಎಂಜಿನಿಯರುಗಳನ್ನು ತಯಾರು ಮಾಡುವುದು ಆ ಶಾಲೆಯ ಉದ್ದೇಶ. ಅಲ್ಲಿ ಪ್ರಯೋಗಶಾಲೆಯ ಕೆಲಸ ನೋಡಿಕೊಳ್ಳುತ್ತಿದ್ದವರು ಮಿತಭಾಷಿಯಾದ ಒಬ್ಬ ತರುಣ. ಆತನ ಹೆಸರು ಪಿಯರ್ ಕ್ಯೂರಿ. ಆ ಗುರುವಿನ ಕೈಕೆಳಗೆ ಕಳೆದ ದಿನಗಳೇ ಲ್ಯಾಂಜೆವಿನ್ನರ ಬಾಳಿನ ದಿಕ್ಕನ್ನು ನಿರ್ಧರಿಸಿದವು. ಕೈಗಾರಿಕೆಯ ಉದ್ಯೋಗವನ್ನು ಬಿಟ್ಟು ಶುದ್ಧ ವಿಜ್ಞಾನದ ಅಧ್ಯಯನಕ್ಕೆ ಅವರು ತಿರುಗಿದರು. ೧೮೯೪ರಲ್ಲಿ ಎಕೋಲ್ ನಾರ್ಮಾಲ್ ಎಂಬ ಪ್ರಸಿದ್ಧ ವಿದ್ಯಾಸಂಸ್ಥೆಯ ಪ್ರವೇಶಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿದರು.

೧೮೯೭ರಲ್ಲಿ ಅವರು ಇಂಗ್ಲೆಂಡಿಗೆ ಹೋಗಿ, ಕೇಂಬ್ರಿಜ್ಜಿನ ಕ್ಯಾವೆಂಡಿಶ್ ಪ್ರಯೋಗಶಾಲೆಯಲ್ಲಿ ಜೆ. ಜೆ. ಥಾಮ್ಸನ್ನರ ಬಳಿ ಒಂದು ವರ್ಷ ಕೆಲಸ ಮಾಡಿದರು. ಎಲೆಕ್ಟ್ರಾನು ಬೆಳಕಿಗೆ ಬಂದ ವರ್ಷವದು. ನ್ಯೂಜಿಲೆಂಡಿನಿಂದ ಬಂದ ರದರ್‌ಫರ್ಡ್ ಅಲ್ಲಿ ಅವರ ಗೆಳೆಯರಾದರು. ಮರಳಿ ಬಂದು, ಪಿಯರ್ ಕ್ಯೂರಿಯವರ ಮಾರ್ಗದರ್ಶನದಲ್ಲಿಯೇ ಅಯಾನೀಕೃತ ಅನಿಲಗಳ ಮೇಲೆ ಪ್ರಬಂಧವನ್ನು ಬರೆದು ೧೯೦೨ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ೧೯೦೫ರಲ್ಲಿ ಕಾಂತತ್ವದ ಸಿದ್ಧಾಂತವನ್ನು ಪ್ರಕಟಿಸಿದರು. ಅಣುಗಳೊಳಗಿನ ವಿದ್ಯುತ್ಕಣಗಳ ಚಲನೆಯಿಂದ ವಸ್ತುಗಳ ಕಾಂತಗುಣ ಹೇಗೆ ಒದಗುತ್ತದೆ, ಉಷ್ಣತೆ ಏರಿದಂತೆ ಅದು ಏಕೆ ತಗ್ಗುತ್ತದೆ ಎಂಬುದನ್ನು ಅದು ಬಿಡಿಸಿ ಹೇಳಿತು. ನಮ್ಮ ಪಠ್ಯಪುಸ್ತಕದ ಸಮೀಕರಣ ಹುಟ್ಟಿದ್ದು ಹೀಗೆ. ೧೯೦೯ರಲ್ಲಿ ಅವರು ಕೊಲೇಜ್ ದ ಫ್ರಾನ್ಸ್ ಎಂಬ ಮಹಾವಿದ್ಯಾಪೀಠದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾದರು.

ಲ್ಯಾಂಜೆವಿನ್ನರ ಗುರುತ್ವದ ವಿಷಯವಾಗಿ ಎರಡು ಮಾತು ಹೇಳಲೇಬೇಕು. ಐನ್‌ಸ್ಟೈನರ ಸಾಪೇಕ್ಷತಾವಾದವನ್ನು ಫ್ರಾನ್ಸಿನಲ್ಲಿ ಮೊದಲು ಅರ್ಥಮಾಡಿಕೊಂಡು ಬೋಧಿಸಿದವರಲ್ಲಿ ಅವರು ಪ್ರಮುಖರು. ಅತಿವೇಗದ ಪ್ರಯಾಣವನ್ನು ಮಾಡಿ ಮರಳಿದವನು ಮನೆಯಲ್ಲಿ ಉಳಿದವನಿಗಿಂತ ಕಿರಿಯನಾಗಿರುವನೆಂಬ ಕೌತುಕದ ಉದಾಹರಣೆಯನ್ನು ೧೯೧೧ರಲ್ಲಿ ಬೊಲೋನ್ಯಾ ನಗರದ ಸಮ್ಮೇಳನದಲ್ಲಿ ಮುಂದಿಟ್ಟವರೂ ಅವರೇ. ತಾನು ಕಂಡುಹಿಡಿಯದಿದ್ದರೆ ಆ ವಾದವನ್ನು ಲ್ಯಾಂಜೆವಿನ್ನರೇ ಕಂಡುಹಿಡಿಯುತ್ತಿದ್ದರೆಂದು ಐನ್‌ಸ್ಟೈನರು ಮುಕ್ತಕಂಠದಿಂದ ಒಪ್ಪಿಕೊಂಡಿದ್ದರು. ಮೇರಿ ಕ್ಯೂರಿ ಮೊದಲಾದ ವಿಜ್ಞಾನಿಗಳು ತಮ್ಮ ಮಕ್ಕಳಿಗಾಗಿ ತಾವೇ ಸರತಿಯಿಂದ ಪಾಠ ಹೇಳುವ ಒಂದು ಪುಟ್ಟ ಸಹಕಾರಿ ಶಾಲೆಯನ್ನು ನಡೆಸಿದಾಗ, ಗಣಿತದ ಪಾಠವನ್ನು ಲ್ಯಾಂಜೆವಿನ್ನರು ವಹಿಸಿಕೊಂಡರು. ಜಗತ್ತಿನ ಶ್ರೇಷ್ಠ ಸಭೆಗಳಲ್ಲಿ ಮಾತನಾಡುವವರು ಹತ್ತು ವರ್ಷದ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದನ್ನು ಹಗುರವೆಂದು ಭಾವಿಸಲಿಲ್ಲ.

ಅವರ ಸಂಸಾರಜೀವನ ಮಾತ್ರ ಸುಖಮಯವಾಗಿರಲಿಲ್ಲ. ವಿಧವೆಯಾಗಿದ್ದ ಮೇರಿ ಕ್ಯೂರಿಯವರೊಡನೆ ಬೆಳೆದ ಅವರ ಸ್ನೇಹವನ್ನು ೧೯೧೧ರಲ್ಲಿ ಕೆಲವು ಪತ್ರಿಕೆಗಳು ಬೀದಿಗೆ ಎಳೆದವು. ಅವಮಾನಿತರಾದ ಲ್ಯಾಂಜೆವಿನ್ನರು ಒಬ್ಬ ಸಂಪಾದಕನನ್ನು ಪಿಸ್ತೂಲಿನ ದ್ವಂದ್ವಯುದ್ಧಕ್ಕೂ ಕರೆದರು. ಇಬ್ಬರೂ ಗುಂಡು ಹಾರಿಸದೆ ಅದು ಮುಗಿಯಿತು. ಮಹಾಪುರುಷರೂ ಮನುಷ್ಯರೇ ಎಂಬುದಕ್ಕೆ ಇದೊಂದು ನಿದರ್ಶನವೆಂದಷ್ಟೇ ಹೇಳಿ ಮುಂದೆ ಹೋಗೋಣ.

ಇನ್ನು ನೀರಿನ ಮಾತು. ಬೆಳಕು ಗಾಳಿಯಲ್ಲಿ ಎಷ್ಟು ಸಮರ್ಥವೋ ನೀರಿನಲ್ಲಿ ಅಷ್ಟು ದುರ್ಬಲ. ನಿರ್ಮಲವಾದ ಸಮುದ್ರದಲ್ಲಿಯೂ ಅದು ಬೇಗ ಕುಂದುತ್ತದೆ. ಮಳೆಗಾಲದ ಕೆಂಪು ಹೊಳೆಯಲ್ಲಂತೂ ಮೊಳದುದ್ದ ಹೋಗುವುದರೊಳಗೆ ಸತ್ತೇಹೋಗುತ್ತದೆ. ನೀರಿನಲ್ಲಿ ತೇಲುವ ಮಣ್ಣಿನ ಕಣಗಳು ಬೆಳಕಿನ ತರಂಗಗಳಿಗಿಂತ ದೊಡ್ಡವು; ಆದುದರಿಂದ ಅವು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸಿಬಿಡುತ್ತವೆ. ದೀಪ ಹಿಡಿದು ಇಳಿದರೆ ಕಣ್ಣೆದುರಿಗೆ ಕೆಂಪು ಗೋಡೆಯೊಂದೇ ಕಾಣುವುದು. ಆದರೆ ಧ್ವನಿಗೆ ನೀರು ರಾಜಮಾರ್ಗ. ೧೮೨೬ರಲ್ಲಿ ಕೊಲಾಡೋನ್ ಮತ್ತು ಸ್ಟರ್ಮ್ ಎಂಬ ಇಬ್ಬರು ಜಿನೀವಾ ಸರೋವರದಲ್ಲಿ ನೀರೊಳಗೆ ಗಂಟೆ ಬಾರಿಸಿ, ದೂರದ ದೋಣಿಯಲ್ಲಿ ಅದನ್ನು ಕೇಳಿ, ಧ್ವನಿಯ ವೇಗ ಸೆಕೆಂಡಿಗೆ ಸುಮಾರು ೧,೪೩೫ ಮೀಟರೆಂದು ಅಳೆದಿದ್ದರು. ಗಾಳಿಯಲ್ಲಿನ ವೇಗಕ್ಕಿಂತ ಇದು ನಾಲ್ಕು ಪಟ್ಟು ಹೆಚ್ಚು.

೧೯೧೨ರಲ್ಲಿ ಟೈಟಾನಿಕ್ ಹಡಗು ಹಿಮಬಂಡೆಗೆ ಬಡಿದು ಮುಳುಗಿದಾಗ, ಪ್ರತಿಧ್ವನಿಯಿಂದ ಅಡ್ಡಿಯನ್ನು ಮೊದಲೇ ತಿಳಿಯಬಾರದೇಕೆ ಎಂಬ ಯೋಚನೆ ಹಲವರಿಗೆ ಬಂದಿತು. ೧೯೧೪ರಲ್ಲಿ ಅಮೆರಿಕದಲ್ಲಿದ್ದ ಫೆಸೆಂಡೆನ್ ಎಂಬ ಸಂಶೋಧಕರು ಸುಮಾರು ೩ ಕಿಲೋಮೀಟರು ದೂರದ ಹಿಮಬಂಡೆಯಿಂದ ಪ್ರತಿಧ್ವನಿಯನ್ನು ಪಡೆದೂ ಪಡೆದರು. ಆದರೆ ಅವರು ಬಳಸಿದ ಸ್ವರ ತಗ್ಗಿನದು, ಅದರ ತರಂಗ ಕೆಲವು ಮೀಟರು ಉದ್ದದ್ದು. ಅಂಥ ಧ್ವನಿ ಎಲ್ಲ ಕಡೆಗೂ ಹರಡುವುದರಿಂದ, ಏನೋ ಇದೆಯೆಂದು ತಿಳಿಯುವುದೇ ಹೊರತು ಅದು ಯಾವ ದಿಕ್ಕಿನಲ್ಲಿದೆಯೆಂದು ಸರಿಯಾಗಿ ತಿಳಿಯದು.

ಮೊದಲನೆಯ ಮಹಾಯುದ್ಧ ಬಂದಿತು. ಜರ್ಮನರ ಜಲಾಂತರ್ಗಾಮಿಗಳು ಮಿತ್ರರಾಷ್ಟ್ರಗಳ ಹಡಗುಗಳನ್ನು ಕಾಣದಂತೆ ಬಂದು ಮುಳುಗಿಸತೊಡಗಿದವು. ೧೯೧೫ರ ಆರಂಭದಲ್ಲಿ ಶಿಲೋವ್‌ಸ್ಕಿ ಎಂಬ ರಶಿಯದ ಎಂಜಿನಿಯರು ಫ್ರೆಂಚ್ ಸರಕಾರಕ್ಕೆ ಒಂದು ಸಲಹೆ ಕಳಿಸಿದರು: ಮನುಷ್ಯನ ಕಿವಿಗೆ ಕೇಳದಷ್ಟು ಎತ್ತರದ ಸ್ವರವನ್ನು ನೀರಿನಲ್ಲಿ ಕಳಿಸಿದರೆ, ಅದರ ತರಂಗ ಚಿಕ್ಕದಾದುದರಿಂದ ದೀಪದ ಕಿರಣದಂತೆ ಅದನ್ನು ಒಂದು ದಿಕ್ಕಿಗೆ ತಿರುಗಿಸಬಹುದು ಎಂಬುದು ಅದರ ಸಾರ. ಸರಕಾರ ಆ ಕಾಗದವನ್ನು ಲ್ಯಾಂಜೆವಿನ್ನರ ಅಭಿಪ್ರಾಯಕ್ಕಾಗಿ ಕಳಿಸಿತು. ವಿಚಾರ ಸರಿಯಾದದ್ದೆಂದು ಅವರು ಕೂಡಲೆ ಕಂಡರು; ಆದರೆ ಅಂಥ ಧ್ವನಿಯನ್ನು ಹುಟ್ಟಿಸುವ ಮತ್ತು ಕೇಳಿಸಿಕೊಳ್ಳುವ ಸಾಧನವೇ ಆಗ ಇರಲಿಲ್ಲ. ಆ ಸಾಧನವನ್ನು ಹುಡುಕುವುದರಲ್ಲಿ ಮೂರು ವರ್ಷಗಳು ಕಳೆದವು.

ಮೊದಮೊದಲು ಅಭ್ರಕದ ಹಾಳೆಗಳಿಂದ ಮಾಡಿದ ವಿದ್ಯುತ್ ಸಂಗ್ರಾಹಕವನ್ನು ಮಿಡಿಯಿಸಿ ಧ್ವನಿ ಹುಟ್ಟಿಸಿದರು. ಇದ್ದಿಲಿನ ಪುಡಿಯ ಮೈಕ್ರೋಫೋನಿನಿಂದ ಅದನ್ನು ಹಿಡಿದರು. ಪ್ಯಾರಿಸ್ಸಿನ ಸೇನ್ ನದಿಯೇ ಅವರ ಮೊದಲ ಪ್ರಯೋಗಶಾಲೆ. ಬಳಿಕ ತೂಲೋನ್ ಬಂದರಿನ ಸಮುದ್ರಕ್ಕೆ ಹೋದರು. ೧೯೧೬ರಲ್ಲಿ ಸಮುದ್ರದ ತಳದಿಂದಲೂ ೨೦೦ ಮೀಟರು ದೂರದಲ್ಲಿಟ್ಟ ಉಕ್ಕಿನ ಹಲಗೆಯಿಂದಲೂ ಪ್ರತಿಧ್ವನಿ ಮರಳಿ ಬಂದಿತು. ಅದೇ ವರ್ಷ ಇಬ್ಬರ ಹೆಸರಿನಲ್ಲಿಯೂ ಹಕ್ಕುಪತ್ರಕ್ಕೆ ಅರ್ಜಿ ಹಾಕಲಾಯಿತು. ಆದರೆ ಅಭ್ರಕ ಮತ್ತೆ ಮತ್ತೆ ಕೆಡುತ್ತಿತ್ತು. ಮೈಕ್ರೋಫೋನು ನಂಬಿಕೆಗೆ ಅರ್ಹವಾಗಿರಲಿಲ್ಲ. ಶಿಲೋವ್‌ಸ್ಕಿ ಈ ಕೆಲಸವನ್ನು ಬಿಟ್ಟುಹೋದರು, ಲ್ಯಾಂಜೆವಿನ್ನರು ಬಿಡಲಿಲ್ಲ.

೧೯೧೭ರಲ್ಲಿ ಅವರಿಗೆ ತಮ್ಮ ಗುರುವಿನ ಹಳೆಯ ಸಂಶೋಧನೆ ನೆನಪಾಯಿತು. ೧೮೮೦ರಲ್ಲಿ ಪಿಯರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್, ಸ್ಫಟಿಕದ ಹಲ್ಲೆಯನ್ನು ಒತ್ತಿದರೆ ಅದರ ಮೈಮೇಲೆ ವಿದ್ಯುತ್ತು ಕಾಣಿಸಿಕೊಳ್ಳುವುದನ್ನು ಕಂಡಿದ್ದರು. ವಿದ್ಯುತ್ತನ್ನು ಕೊಟ್ಟರೆ ಹಲ್ಲೆ ಹಿಗ್ಗಿ ಕುಗ್ಗುವುದೂ ಬಳಿಕ ತಿಳಿದಿತ್ತು. ಮೂವತ್ತಾರು ವರ್ಷಗಳಿಗಿಂತ ಹೆಚ್ಚು ಕಾಲ ಇದು ಪ್ರಯೋಗಶಾಲೆಯ ಕೌತುಕವಾಗಿಯೇ ಉಳಿದಿತ್ತು. ಈ ಸ್ಫಟಿಕವೇ ನೀರಿನ ಕಿವಿಯೂ ಆಗಬಹುದು, ಬಾಯಿಯೂ ಆಗಬಹುದು ಎಂದು ಲ್ಯಾಂಜೆವಿನ್ನರಿಗೆ ಹೊಳೆಯಿತು. ಪ್ಯಾರಿಸ್ಸಿನಲ್ಲಿ ಮಸೂರಗಳನ್ನು ಮಾಡುವ ಒಬ್ಬ ಕುಶಲಿಯ ಬಳಿ ದೊಡ್ಡದೊಂದು ಸ್ಫಟಿಕವಿದ್ದಿತು. ಅದರಿಂದ ೧೦ ಸೆಂಟಿಮೀಟರು ಅಗಲದ ಚೌಕವಾದ ಹಲ್ಲೆಯನ್ನು ಕೊಯ್ಯಿಸಿ ನೀರಿಗೆ ಇಳಿಸಿ ನೋಡಿದರು. ಫಲ ಆಶೆಗೆ ಮೀರಿದ್ದಾಗಿದ್ದಿತು.

ಆದರೂ ಒಂದು ತೊಡಕು ಉಳಿಯಿತು. ಸೆಕೆಂಡಿಗೆ ೪೦,೦೦೦ ಕಂಪನಗಳ ಧ್ವನಿಗೆ ಸ್ಫಟಿಕ ತಾನೊಂದೇ ಮಿಡಿಯಬೇಕಾದರೆ ಅದು ಏಳು ಸೆಂಟಿಮೀಟರಿನಷ್ಟು ದಪ್ಪವಿರಬೇಕು; ಅಷ್ಟು ದೊಡ್ಡ ನಿರ್ದೋಷವಾದ ಸ್ಫಟಿಕಗಳನ್ನು ಎಲ್ಲಿಂದ ತರುವುದು? ಲ್ಯಾಂಜೆವಿನ್ನರು ತೆಳುವಾದ ಸ್ಫಟಿಕದ ತುಂಡುಗಳನ್ನು ನೆಲಹಾಸಿನ ಕಲ್ಲುಗಳಂತೆ ಒತ್ತಾಗಿ ಜೋಡಿಸಿ, ಎರಡು ಉಕ್ಕಿನ ಫಲಕಗಳ ನಡುವೆ ಅಂಟಿಸಿದರು. ಮೂರೂ ಪದರಗಳು ಒಂದಾಗಿ ಮಿಡಿದವು. ಈ ಜೋಡಣೆ ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ೧೯೧೮ರಲ್ಲಿ ತೂಲೋನಿನಲ್ಲಿ ಮುಳುಗಿದ್ದ ಜಲಾಂತರ್ಗಾಮಿಯಿಂದ ಸ್ಪಷ್ಟವಾದ ಪ್ರತಿಧ್ವನಿ ಬಂದಿತು. ೧,೫೦೦ ಮೀಟರುಗಳವರೆಗೆ ಅದು ಕೇಳಿಸಿತು. ಧ್ವನಿಯ ಕಿರಣದ ಹತ್ತಿರ ಸಿಕ್ಕ ಮೀನುಗಳು ಸತ್ತವು. ನೀರಿನಲ್ಲಿ ಕೈಯಿಟ್ಟವರಿಗೆ ನೋವಾಯಿತು. ಯಂತ್ರ ರಣರಂಗಕ್ಕೆ ಹೋಗುವ ಮೊದಲೇ ಯುದ್ಧ ಮುಗಿಯಿತು.

ಯುದ್ಧದ ಬಳಿಕ ಅದೇ ಸ್ಫಟಿಕ ಹಡಗಿನ ಅಡಿಯಿಂದ ಸಮುದ್ರದ ಆಳವನ್ನು ಅಳೆಯತೊಡಗಿತು. ದಾರಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಡುವ ಸಾವಿರಾರು ವರ್ಷಗಳ ಪದ್ಧತಿ ಹಿಂದೆ ಬಿದ್ದಿತು. ಕೇಳದ ಧ್ವನಿಯ ಈ ವಿದ್ಯೆ ಬೇರೆ ಬೇರೆ ದೇಶಗಳಿಗೆ ಹಬ್ಬಿತು. ೧೯೩೫ರ ಸುಮಾರಿಗೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ವಿ. ರಾಮನ್ನರು ನಾಗೇಂದ್ರನಾಥರೊಡನೆ ಸೇರಿ, ಇಂಥ ಧ್ವನಿ ಹಾಯುವ ದ್ರವದಲ್ಲಿ ಬೆಳಕು ಹೇಗೆ ಬಾಗುವುದೆಂಬ ಸಿದ್ಧಾಂತವನ್ನು ಕೊಟ್ಟರು. ಇಂದು ಆಸ್ಪತ್ರೆಗಳಲ್ಲಿ ಗರ್ಭದ ಶಿಶುವನ್ನು ತೋರಿಸುವ ಯಂತ್ರವೂ, ಮೀನುಗಾರರ ದೋಣಿಯಲ್ಲಿ ಮೀನಿನ ಹಿಂಡನ್ನು ತೋರಿಸುವ ಯಂತ್ರವೂ, ಕಾರವಾರದ ಅರಗಾದಲ್ಲಿ ೨೦೦೫ರಲ್ಲಿ ಆರಂಭವಾದ ಕದಂಬ ನೌಕಾನೆಲೆಗೆ ಬರುವ ಯುದ್ಧನೌಕೆಗಳ ಸೋನಾರೂ ಒಂದೇ ಕುಲದವು.

ಅದೇ ಕುಲದ ಇನ್ನೊಂದು ಕುಡಿ ಚಿತ್ರ ತೋರಿಸುವ ಸೋನಾರು. ಲ್ಯಾಂಜೆವಿನ್ನರ ಧ್ವನಿಯ ತರಂಗ ನೀರಿನಲ್ಲಿ ನಾಲ್ಕು ಸೆಂಟಿಮೀಟರಿಗೆ ತುಸು ಕಡಮೆ ಉದ್ದದ್ದು. ಅಂಥದರಿಂದ ಜಲಾಂತರ್ಗಾಮಿಯನ್ನು ಕಾಣಬಹುದು. ಮನುಷ್ಯನ ಕೈಕಾಲುಗಳ ಆಕಾರವನ್ನು ಬಿಡಿಸಿ ಕಾಣಲಾಗದು. ಕಂಪನಗಳನ್ನು ಸೆಕೆಂಡಿಗೆ ಹತ್ತು ಲಕ್ಷಕ್ಕೆ ಏರಿಸಿದರೆ ತರಂಗ ಒಂದೂವರೆ ಮಿಲಿಮೀಟರಿಗೆ ಇಳಿಯುತ್ತದೆ. ಆಗಲೂ ಅದು ತೇಲುವ ಮಣ್ಣಿನ ಕಣಗಳಿಗಿಂತ ಬಹಳ ದೊಡ್ಡದಾಗಿರುವುದರಿಂದ ಕೆಸರುನೀರನ್ನು ದಾಟಿ ಹೋಗುತ್ತದೆ. ಆದರೆ ಸ್ವರ ಏರಿದಷ್ಟೂ ನೀರು ಅದನ್ನು ಬೇಗ ನುಂಗುವುದರಿಂದ, ಚಿತ್ರ ಸ್ಪಷ್ಟವಾದಂತೆ ದೃಷ್ಟಿಯ ದೂರ ಕೆಲವು ಹತ್ತು ಮೀಟರುಗಳಿಗೆ ತಗ್ಗುತ್ತದೆ. ಮೂರು ಕಾಲಿನ ಆಧಾರದ ಮೇಲೆ ಯಂತ್ರವನ್ನು ಹೊಳೆಯ ತಳದಲ್ಲಿ ನಿಲ್ಲಿಸಿ ಸುತ್ತಲೂ ತಿರುಗಿಸುವರು. ಇಲ್ಲವೆ ದೋಣಿಯ ಹಿಂದೆ ಎಳೆದೊಯ್ಯುವರು. ಮರಳುವ ಪ್ರತಿಧ್ವನಿಗಳು ಪರದೆಯ ಮೇಲೆ ಬೆಳಕಿನ ಚುಕ್ಕೆಗಳಾಗಿ ಮೂಡುತ್ತವೆ. ತಳದಿಂದ ಎದ್ದುನಿಂತ ವಸ್ತುವಿನ ಹಿಂದೆ ಧ್ವನಿ ತಲುಪದೆ ಕಪ್ಪು ನೆರಳು ಬೀಳುತ್ತದೆ. ಅನುಭವಿಯಾದವನು ವಸ್ತುವಿಗಿಂತ ಅದರ ನೆರಳನ್ನೇ ನೋಡಿ, ಇದು ಮರದ ಬೊಡ್ಡೆ, ಇದು ಬಂಡೆ, ಇದು ವಾಹನ ಎಂದು ಹೇಳಬಲ್ಲನು.

ಕತ್ತಲೆಯ ನೀರಿನಲ್ಲಿ ಮುಳುಗುವವನಿಗೆ ಇದರಿಂದಾಗುವ ಉಪಕಾರ ಅಷ್ಟಿಷ್ಟಲ್ಲ. ಇದಿಲ್ಲದೆ ಹೋದರೆ ಅವನು ಹಗ್ಗ ಹಿಡಿದು, ತಳವನ್ನು ಕೈಯಿಂದ ಸವರುತ್ತ, ಅರ್ಧವೃತ್ತಗಳಲ್ಲಿ ಒಂದೊಂದೇ ಮೊಳ ಹುಡುಕಬೇಕು. ತಂತಿಗೆ, ಬೇರಿಗೆ, ಮುರಿದ ಕಬ್ಬಿಣಕ್ಕೆ ಸಿಕ್ಕಿಕೊಳ್ಳುವ ಭಯ ಪ್ರತಿಗಳಿಗೆಯೂ ಇರುತ್ತದೆ. ಸೋನಾರು ಇದ್ದರೆ ಮೊದಲು ಯಂತ್ರ ಹುಡುಕುತ್ತದೆ. ಶಂಕೆಯ ವಸ್ತು ಕಂಡಲ್ಲಿ ಮಾತ್ರ ಮನುಷ್ಯ ಇಳಿಯುತ್ತಾನೆ. ಇಳಿದವನೂ ಪರದೆಯ ಮೇಲೆ ಕಾಣುವುದರಿಂದ, ಮೇಲಿದ್ದವರು ಹಗ್ಗದ ಸನ್ನೆಯಿಂದಲೋ ದೂರವಾಣಿಯ ತಂತಿಯಿಂದಲೋ ಅವನನ್ನು ಎಡಕ್ಕೆ ಬಲಕ್ಕೆ ನಡೆಸಬಲ್ಲರು. ಸತ್ತವರನ್ನು ಹುಡುಕುವ ಕೆಲಸದಲ್ಲಿ ಬದುಕಿರುವವರು ಸಾಯಬಾರದು. ಯಂತ್ರದ ಮೊದಲ ಪ್ರಯೋಜನವೇ ಇದು.

ಇಷ್ಟೆಲ್ಲ ಇದ್ದರೂ ಯಂತ್ರಕ್ಕೆ ಮಿತಿಗಳುಂಟು. ಗಂಗಾವಳಿ ಅವುಗಳನ್ನು ನಮಗೆ ಕಣ್ಣೆದುರಿನಲ್ಲಿಯೇ ತೋರಿಸಿತು. ಧಾರವಾಡದ ಸಮೀಪ ಹುಟ್ಟಿ, ಬೇಡ್ತಿಯೆಂಬ ಹೆಸರಿನಿಂದ ಮಾಗೋಡಿನಲ್ಲಿ ಧುಮುಕಿ, ಅಂಕೋಲೆಯ ಸೀಮೆಯಲ್ಲಿ ಕಡಲನ್ನು ಸೇರುವ ಈ ಹೊಳೆ ಬೇಸಿಗೆಯಲ್ಲಿ ಸೌಮ್ಯವಾದದ್ದು. ೨೦೨೪ನೆಯ ಜುಲೈ ೧೬ರ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡದ ಮಣ್ಣು ರಾಷ್ಟ್ರೀಯ ಹೆದ್ದಾರಿ ೬೬ನ್ನು ದಾಟಿ ಹೊಳೆಗೆ ಜಾರಿತು. ರಸ್ತೆಬದಿಯ ಚಹದ ಅಂಗಡಿ, ಅಲ್ಲಿದ್ದ ಜನರು, ನಿಂತ ವಾಹನಗಳು ಅದರೊಡನೆ ಹೋದವು. ನೀರು ಎದ್ದು ಬಡಿದು ಎದುರುದಂಡೆಯ ಉಳುವರೆಯ ಮನೆಗಳೂ ಹಾಳಾದವು. ಕೇರಳದಿಂದ ಬಂದಿದ್ದ ಒಬ್ಬ ಚಾಲಕನು ಕಟ್ಟಿಗೆ ತುಂಬಿದ ತನ್ನ ಲಾರಿಯೊಡನೆ ಕಣ್ಮರೆಯಾದನು.

ನೆಲದ ಮೇಲೆ ರಾಡಾರಿನಿಂದ, ನೀರಿನಲ್ಲಿ ಸೋನಾರಿನಿಂದ, ಆಕಾಶದಿಂದ ಹಾರುವ ಯಂತ್ರಗಳಿಂದ ಶೋಧ ನಡೆಯಿತು. ನೌಕಾಪಡೆಯವರು, ಸೈನ್ಯದವರು, ವಿಪತ್ತು ಪಡೆಗಳವರು, ಕರಾವಳಿಯ ಮುಳುಗುಗಾರರು ಬಂದರು. ನೀರಿನಲ್ಲಿ ಲೋಹದ ವಸ್ತುವಿರುವ ಸೂಚನೆಗಳೂ ದೊರೆತವು. ಆದರೆ ಮುಳುಗುಗಾರನು ನಿಲ್ಲಬಲ್ಲ ಪ್ರವಾಹಕ್ಕಿಂತ ಹೊಳೆಯ ಪ್ರವಾಹ ಎಷ್ಟೋ ಪಟ್ಟು ಹೆಚ್ಚಾಗಿದ್ದಿತು. ಇಂಥ ಸೆಳವಿನಲ್ಲಿ ಯಂತ್ರದ ಕಾಲು ನಿಲ್ಲದು. ನೊರೆಯ ಗುಳ್ಳೆಗಳು ಧ್ವನಿಯನ್ನು ಚದುರಿಸುತ್ತವೆ. ಮೇಲಾಗಿ ಗುಡ್ಡವೇ ಹೊಳೆಗೆ ಬಿದ್ದಿರುವಾಗ, ಬಂಡೆಗಳ ಪ್ರತಿಧ್ವನಿಗಳ ಸಂತೆಯಲ್ಲಿ ಲಾರಿಯ ಪ್ರತಿಧ್ವನಿ ಯಾವುದು? ಮಣ್ಣಿನಲ್ಲಿ ಹೂತ ವಸ್ತುವನ್ನು ಚಿತ್ರ ತೋರಿಸುವ ಸೋನಾರು ಕಾಣಲಾರದು, ಅದರ ಸೂಕ್ಷ್ಮವಾದ ಸ್ವರ ಹೂಳಿನ ಮೈಮೇಲೆಯೇ ತಿರುಗಿಬಿಡುತ್ತದೆ. ಮನುಷ್ಯಶರೀರದ ಬಹುಭಾಗ ನೀರೇ ಆದುದರಿಂದ ಅದರಿಂದ ಬರುವ ಪ್ರತಿಧ್ವನಿಯಂತೂ ತೀರ ಕ್ಷೀಣ.

ಜುಲೈ ತಿಂಗಳ ಕೊನೆಗೆ ಶೋಧ ನಿಂತಿತು. ಆಗಸ್ಟ್ ೭ರ ನಡುರಾತ್ರಿಯ ಮೇಲೆ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆಯೂ ಕುಸಿದು ಒಂದು ಲಾರಿ ನೀರಿಗೆ ಬಿದ್ದಿತು. ದೈವವಶಾತ್ ಅದರ ಚಾಲಕನನ್ನು ಬದುಕಿಸಲಾಯಿತು. ಒಂದೇ ಮಳೆಗಾಲದಲ್ಲಿ ಎರಡು ಹೊಳೆಗಳು ನಮ್ಮನ್ನು ಪರೀಕ್ಷಿಸಿದವು. ಆಗಸ್ಟ್ ಮಧ್ಯದಲ್ಲಿ ಗಂಗಾವಳಿಗೆ ಮುಳುಗುಗಾರರು ಮತ್ತೆ ಇಳಿದರು. ಸೆಪ್ಟೆಂಬರಿನಲ್ಲಿ ಗೋವೆಯಿಂದ ಹೂಳೆತ್ತುವ ನೌಕೆ ಬಂದಿತು. ಸೆಪ್ಟೆಂಬರ್ ೨೫ರಂದು, ಅಂದರೆ ೭೧ ದಿನಗಳ ಮೇಲೆ, ಲಾರಿಯೂ ಅದರೊಳಗೆ ಚಾಲಕನ ಅವಶೇಷವೂ ಮೇಲೆ ಬಂದವು. ಅಂದು ಇನ್ನೂ ಇಬ್ಬರು ಸ್ಥಳೀಕರ ಹೆಸರುಗಳು ಕಾಣೆಯಾದವರ ಪಟ್ಟಿಯಲ್ಲಿದ್ದವು.

ಬದುಕಿ ಬರಲಾರನೆಂದು ತಿಳಿದ ಮೇಲೆಯೂ ಇಷ್ಟು ದಿನ ಹುಡುಕುವುದೇಕೆ, ಇಷ್ಟು ಹಣ ಸುರಿಯುವುದೇಕೆ ಎಂದು ಕೇಳಿದವರೂ ಇದ್ದರು. ದೇಹ ದೊರೆಯದ ಮನೆಯಲ್ಲಿ ದುಃಖಕ್ಕೆ ಕೊನೆಯೆಂಬುದಿಲ್ಲ. ದೀಪ ಹಚ್ಚಬೇಕೋ ಬೇಡವೋ, ಕುಂಕುಮ ಅಳಿಸಬೇಕೋ ಬೇಡವೋ, ತಿಥಿ ಯಾವುದೆಂದು ಹಿಡಿಯಬೇಕೋ ತಿಳಿಯದು. ಬಾಗಿಲು ಸದ್ದಾದಾಗಲೆಲ್ಲ ಎದೆ ಹಾರುವುದು. ಕಾಣೆಯಾದವನು ಎಲ್ಲಿದ್ದಾನೆಂಬ ಪ್ರಶ್ನೆಗೆ ಉತ್ತರ ಕೊಡುವುದು ಬದುಕಿದವರ ಋಣ. ಈ ಋಣದ ಅರ್ಥ ಲ್ಯಾಂಜೆವಿನ್ನರಿಗೆ ಪುಸ್ತಕದಿಂದ ತಿಳಿದುದಲ್ಲ. ಬಾಳೇ ಅವರಿಗೆ ಅದನ್ನು ಕಲಿಸಿತು.

ಪ್ರಯೋಗಶಾಲೆಯ ಬಾಗಿಲು ಮುಚ್ಚಿಕೊಂಡು ಕುಳಿತುಕೊಳ್ಳುವ ವಿಜ್ಞಾನಿ ಅವರಾಗಿರಲಿಲ್ಲ. ತರುಣರಾಗಿದ್ದಾಗಲೇ, ನಿರಪರಾಧಿಯಾದ ಡ್ರೈಫಸ್ ಎಂಬ ಯೆಹೂದಿ ಸೇನಾಧಿಕಾರಿಯ ಪರವಾದ ಮನವಿಗೆ ಸಹಿ ಹಾಕಿದ್ದರು. ಮಾನವ ಹಕ್ಕುಗಳ ಸಂಘದಲ್ಲಿ ದೀರ್ಘಕಾಲ ದುಡಿದರು. ಜರ್ಮನಿಯಲ್ಲಿ ಹಿಟ್ಲರನ ಆಡಳಿತ ಬಂದಾಗ, ೧೯೩೪ರಲ್ಲಿ ಫ್ಯಾಸಿಸಂ ವಿರೋಧಿ ಬುದ್ಧಿಜೀವಿಗಳ ಸಮಿತಿಯನ್ನು ಕಟ್ಟಿದವರಲ್ಲಿ ಒಬ್ಬರಾದರು. ೧೯೪೦ರಲ್ಲಿ ಪ್ಯಾರಿಸ್ ಜರ್ಮನರ ಕೈಗೆ ಬಿದ್ದಿತು. ಅಕ್ಟೋಬರ್ ೩೦ರಂದು ಅರವತ್ತೆಂಟು ವರ್ಷದ ಲ್ಯಾಂಜೆವಿನ್ನರನ್ನು ಸೆರೆಹಿಡಿದು ಲಾ ಸಾಂತೆ ಸೆರೆಮನೆಗೆ ತಳ್ಳಿದರು. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ತನ್ನ ಅತ್ಯುಚ್ಚ ಗೌರವವಾದ ಕೋಪ್ಲಿ ಪದಕವನ್ನು ಕೊಟ್ಟಿದ್ದಿತು.

ಸೆರೆಮನೆಯಲ್ಲಿ ಕಾಗದ, ಲೇಖನಿಗಳಿಲ್ಲದಾಗ, ಸುಟ್ಟ ಬೆಂಕಿಕಡ್ಡಿಗಳಿಂದ ಗಣಿತ ಮಾಡುತ್ತಿದ್ದರೆಂದು ಹೇಳುತ್ತಾರೆ. ಹೊರಗೆ ಅವರ ವಿದ್ಯಾರ್ಥಿಗಳು ಸುಮ್ಮನಿರಲಿಲ್ಲ. ನವೆಂಬರ್ ೮ರಂದು, ಜರ್ಮನ್ ಸೈನಿಕರು ಬೀದಿಬೀದಿಗಳಲ್ಲಿ ನಿಂತಿದ್ದಾಗಲೇ, ಗುರುಗಳ ಬಂಧನವನ್ನು ವಿರೋಧಿಸಿ ಕೊಲೇಜ್ ದ ಫ್ರಾನ್ಸಿನ ಎದುರು ಅವರು ನೆರೆದರು. ಗುರುವಿಗಾಗಿ ಶಿಷ್ಯರು ಪ್ರಾಣಭಯವನ್ನು ಬಿಟ್ಟು ಬೀದಿಗಿಳಿದ ಇಂಥ ಪ್ರಸಂಗಗಳು ವಿದ್ಯೆಯ ಇತಿಹಾಸದಲ್ಲಿ ಬಹಳವಿಲ್ಲ. ಕೆಲವು ವಾರಗಳ ಮೇಲೆ ಅವರನ್ನು ಸೆರೆಯಿಂದ ಬಿಟ್ಟರೂ, ತ್ರುವಾ ಎಂಬ ಊರಿನಲ್ಲಿ ಕಾವಲಿನಲ್ಲಿಟ್ಟರು. ಅವರ ಪ್ರಾಧ್ಯಾಪಕ ಪದವಿಯನ್ನೂ ಕಿತ್ತುಕೊಂಡರು.

ಇದಕ್ಕಿಂತ ದೊಡ್ಡ ಆಘಾತಗಳು ಮುಂದೆ ಕಾದಿದ್ದವು. ಅವರ ಅಳಿಯ ಜಾಕ್ ಸಾಲೊಮನ್ ಸ್ವತಃ ಪ್ರತಿಭಾವಂತ ಭೌತವಿಜ್ಞಾನಿ. ಮಾವನ ಬಂಧನದ ವಾರ್ತೆಯನ್ನು ಹೊತ್ತು ಬಂದ ಗುಪ್ತಪತ್ರಿಕೆಯ ಸ್ಥಾಪಕರಲ್ಲಿ ಅವರೂ ಒಬ್ಬರು. ೧೯೪೨ನೆಯ ಮೇ ೨೩ರಂದು ಜರ್ಮನರು ಅವರನ್ನು ಗುಂಡಿಟ್ಟು ಕೊಂದರು. ಮಗಳು ಎಲೆನ್ ಸೆರೆಸಿಕ್ಕಿ, ೧೯೪೩ರ ಜನವರಿಯಲ್ಲಿ ಆಶ್‌ವಿಟ್ಜ್ ಎಂಬ ಮರಣಶಿಬಿರಕ್ಕೆ ಸಾಗಿಸಲ್ಪಟ್ಟರು. ಆ ಗಾಡಿಯಲ್ಲಿ ಹೋದವರು ಎಲ್ಲಿರುವರು, ಬದುಕಿರುವರೋ ಇಲ್ಲವೋ ಎಂಬುದು ಮನೆಯವರಿಗೆ ತಿಳಿಯುವಂತಿರಲಿಲ್ಲ. ಕತ್ತಲೆಯೊಳಕ್ಕೆ ಧ್ವನಿ ಕಳಿಸಿ ಉತ್ತರ ತರಿಸಿದ್ದ ವಿಜ್ಞಾನಿ, ತನ್ನ ಮಗಳ ವಿಷಯದಲ್ಲಿ ಉತ್ತರವೇ ಬಾರದ ಕತ್ತಲೆಯೆದುರು ಕುಳಿತಿರಬೇಕಾಯಿತು. ೧೯೪೪ರ ಮೇ ತಿಂಗಳಿನಲ್ಲಿ ಅವರ ಪ್ರಾಣಕ್ಕೂ ಕುತ್ತು ಬಂದಾಗ, ಮಿತ್ರರು ಸುಳ್ಳು ಕಾಗದಪತ್ರಗಳ ಸಹಾಯದಿಂದ ಅವರನ್ನು ಸ್ವಿಟ್ಜರ್ಲೆಂಡಿಗೆ ದಾಟಿಸಿದರು.

ಪ್ಯಾರಿಸ್ ಬಿಡುಗಡೆಯಾದ ಮೇಲೆ ಅವರು ಮರಳಿ ಬಂದರು. ೧೯೪೫ರಲ್ಲಿ ಮಗಳೂ ಬದುಕಿ ಬಂದರು; ಆ ವರ್ಷವೇ ರಾಷ್ಟ್ರದ ಸಂವಿಧಾನ ಸಭೆಗೆ ಆರಿಸಿಬಂದರು. ಎಲ್ಲರಿಗೂ ಈ ಭಾಗ್ಯ ಸಿಗಲಿಲ್ಲ. ವೃದ್ಧರಾಗಿ, ದೇಹ ಕುಂದಿದ್ದರೂ ಲ್ಯಾಂಜೆವಿನ್ನರು ವಿಶ್ರಾಂತಿಯನ್ನು ಬಯಸಲಿಲ್ಲ. ಫ್ರಾನ್ಸಿನ ಶಿಕ್ಷಣ ಸುಧಾರಣೆಯ ಸಮಿತಿಗೆ ಅಧ್ಯಕ್ಷರಾಗಿ, ಬಡವರ ಮಕ್ಕಳಿಗೂ ಹದಿನೆಂಟು ವರ್ಷದವರೆಗೆ ವಿದ್ಯೆ ದೊರೆಯುವಂತೆ ಯೋಜನೆ ಹಾಕಿದರು. ಆ ವರದಿ ಮುಗಿಯುವ ಮೊದಲೇ, ೧೯೪೬ನೆಯ ಡಿಸೆಂಬರ್ ೧೯ರಂದು ತೀರಿಕೊಂಡರು. ೧೯೪೮ರ ನವೆಂಬರಿನಲ್ಲಿ ಅವರ ಅವಶೇಷಗಳನ್ನು ರಾಷ್ಟ್ರದ ಮಹಾತ್ಮರು ಮಲಗಿರುವ ಪಾಂತೆಯೋನ್ ಮಂದಿರಕ್ಕೆ ತಂದಿಟ್ಟು ಗೌರವಿಸಿದರು. ನೋಬೆಲ್ ಪಾರಿತೋಷಕ ಅವರಿಗೆ ಬರಲಿಲ್ಲ. ಅವರ ಶಿಷ್ಯರಾದ ಫ್ರೆಡರಿಕ್ ಜೋಲಿಯೋ ಮತ್ತು ಲೂಯಿ ದ ಬ್ರಾಯ್ ಅವರಿಗೆ ಬಂದಿತು. ಗುರುವಿಗೆ ಇದರಿಂದ ಕೊರತೆಯೇನೂ ಆಗಲಿಲ್ಲ.

ಲ್ಯಾಂಜೆವಿನ್ನರ ಯಂತ್ರ ಹುಟ್ಟಿದ್ದು ಶತ್ರುವನ್ನು ಹುಡುಕಿ ಕೊಲ್ಲುವುದಕ್ಕಾಗಿ. ಒಂದು ಶತಮಾನ ಕಳೆದ ಮೇಲೆ ಅದು ಗಂಗಾವಳಿಯ ದಂಡೆಯಲ್ಲಿ, ಪರಊರಿನ ಒಬ್ಬ ಬಡ ಚಾಲಕನನ್ನು ಅವನ ಮನೆಯವರಿಗೆ ಮರಳಿ ಕೊಡುವ ಕೆಲಸಕ್ಕೆ ಬಂದು ನಿಂತಿತು. ಯಂತ್ರಕ್ಕೆ ತನ್ನದೇ ಆದ ಧರ್ಮವಿಲ್ಲ. ಅದನ್ನು ಹಿಡಿದ ಸಮಾಜದ ಧರ್ಮವೇ ಅದರ ಧರ್ಮ. ಒಂದು ಪ್ರತಿಧ್ವನಿ ಬಂದರೆ ಇಲ್ಲಿ ಏನೋ ಇದೆಯೆಂದಷ್ಟೇ ತಿಳಿಯುತ್ತದೆ. ಅದು ಬಂಡೆಯೋ ಮನುಷ್ಯನೋ ಎಂದು ನೋಡುವುದಕ್ಕೆ ಒಬ್ಬನು ಆ ಕೆಸರಿನೊಳಕ್ಕೆ ಇಳಿಯಲೇಬೇಕು. ಅವನನ್ನು ಜೋಪಾನವಾಗಿ ಇಳಿಸಿ

ಮೇಲೆತ್ತುವ ವ್ಯವಸ್ಥೆಯೂ ಬೇಕು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳು ಹರಿಯುವ ನಮ್ಮ ಜಿಲ್ಲೆಯಲ್ಲಿ ಈ ಸಾಧನವೂ, ಅದನ್ನು ಓದಬಲ್ಲ ತರಬೇತಾದ ತರುಣರೂ, ಅವರೊಡನೆ ಹೊಳೆಯ ಸುಳಿಗಳನ್ನು ಬಲ್ಲ ನಮ್ಮ ಮೀನುಗಾರರೂ ಗುಡ್ಡ ಕುಸಿದ ಮೇಲಲ್ಲ, ಮಳೆಗಾಲ ಬರುವ ಮೊದಲೇ ಸಿದ್ಧವಾಗಿರುವುದು ಅಗತ್ಯ. ಆ ತರುಣರು ನಮ್ಮ ಕಾಲೇಜುಗಳಿಂದಲೇ ಬರಬೇಕು. ಕಾಂತತ್ವದ ಸಮೀಕರಣವನ್ನು ಕಲಿಯುವಾಗ ಆ ಹೆಸರಿನ ಹಿಂದಿನ ಮನುಷ್ಯನನ್ನೂ ಕಲಿತರೆ, ವಿದ್ಯೆ ಯಾರಿಗಾಗಿ ಎಂಬ ಪ್ರಶ್ನೆಗೆ ನಮಗೂ ಉತ್ತರ ದೊರೆಯುವುದು.